ಹಿಂದಕ್ಕೂ ಹೋಗಬಹುದಾದ ಆಟ

ನಮ್ಮ ಮನೆಗೆ ಬಂದವರು ಮೊದಲು ಸೀನುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ಅಪ್ಪನದು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಬ್ಯಾಡಗಿ ಕಡೆಯಿಂದ ಬಂದ ಚೀಲಗಳ ನಡುವೆ ದಿನವಿಡೀ ಕೂತು ಸಂಜೆ ಮನೆಗೆ ಬರುವಾಗ ಆ ಘಾಟು ಅವನ ಅಂಗಿಯ ಜೊತೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಅಂಗಿಯನ್ನು ಬಾಗಿಲ ಹೊರಗಿನ ಗೂಟಕ್ಕೆ ಹಾಕಿಯೇ ಒಳಗೆ ಬರಬೇಕು ಎಂಬುದು ಆಯಿಯ ಕಟ್ಟಪ್ಪಣೆ. ಆಯಿ ಎಂದರೆ ಅಪ್ಪನ ಅವ್ವ, ನನ್ನ ಅಜ್ಜಿ. ಅಪ್ಪನನ್ನು ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣಿಗೆ ಒಯ್ಯಬಾರದು ಎಂಬುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತೆ. ಮನೆಯವರಾದ ನಮಗೆ ಮಾತ್ರ ಸೀನು ಬರುತ್ತಿರಲಿಲ್ಲ. ಯಾರು ಒಳಗಿನವರು, ಯಾರು ಹೊರಗಿನವರು ಎಂಬುದು ಹೊಸ್ತಿಲಲ್ಲೇ ಗೊತ್ತಾಗಿಬಿಡುತ್ತಿತ್ತು.

ಮನೆ ಇದ್ದದ್ದು ಭವಾನಿ ಪೇಠೆಯ ಹಳೆಯ ವಾಡೆಯೊಂದರ ಮೇಲಂತಸ್ತಿನಲ್ಲಿ. ಮುಂದಿನ ಕೋಣೆ, ನಡುಮನೆ, ಅಡುಗೆಮನೆ, ಅಷ್ಟೇ. ನಡುಮನೆಯ ಒಂದು ಗೋಡೆಗೆ ದೇವರ ಜಗುಲಿ, ಎದುರಿನ ಗೋಡೆಗೆ ಟಿ.ವಿ. ಹೀಗೆ ದೇವರೂ ಟಿ.ವಿ.ಯೂ ದಿನವಿಡೀ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರುತ್ತಿದ್ದರು. ಪೂಜೆಯ ಹೊತ್ತಿಗೆ ಆಯಿ ಟಿ.ವಿ.ಯ ಮೇಲೆ ತನ್ನದೊಂದು ಹಳೆಯ ಇಳಕಲ್ ಸೀರೆ ಇಳಿಬಿಡುತ್ತಿದ್ದಳು. ದೇವರು ಏನಾದರೂ ನೋಡಬಾರದ್ದನ್ನು ನೋಡಿಬಿಟ್ಟಾನು ಎಂಬ ಭಯವೋ, ನಮ್ಮ ಗಮನ ಅತ್ತ ಹೋದೀತೆಂಬ ಭಯವೋ, ನಾನು ಕೇಳಲಿಲ್ಲ. ಇಡೀ ನಡುಮನೆಗೆ ಇದ್ದದ್ದು ಒಂದೇ ಸ್ವಿಚ್ ಬೋರ್ಡು. ಇಸ್ತ್ರಿ, ಮಿಕ್ಸರ್, ಟಿ.ವಿ. ಎಲ್ಲಕ್ಕೂ ಅದೇ. ಆ ಬೋರ್ಡಿನ ಮೇಲೆ ಆಯಿಯದೇ ರಾಜ್ಯಭಾರ.

ನಾನು ನಾಲ್ಕನೇ ತರಗತಿ ಪಾಸಾದಾಗ ಅಪ್ಪ ಪುಣೆಯ ಕ್ಯಾಂಪ್ ಪೇಟೆಯ ಅಂಗಡಿಯೊಂದರಿಂದ ಟಿ.ವಿ.ಗೆ ಸಿಕ್ಕಿಸಿ ಆಡುವ ಗೇಮಿನ ಪೆಟ್ಟಿಗೆ ತಂದುಕೊಟ್ಟ. ಬಿಳಿ ಪೆಟ್ಟಿಗೆ, ಅದರ ನೆತ್ತಿಯ ಸೀಳಿನಲ್ಲಿ ಕೂರಿಸುವ ಹಳದಿ ಕ್ಯಾಸೆಟ್ಟು, ಹಾಕಿದೊಡನೆ ಹೊತ್ತಿಕೊಳ್ಳುವ ಒಂದು ಕೆಂಪು ದೀಪ. ಆಟದಲ್ಲಿ ಬೆನ್ನ ಮೇಲೆ ಮೂಟೆ ಹೊತ್ತ ಪುಟ್ಟ ಮನುಷ್ಯನೊಬ್ಬ ಓಡುತ್ತಿದ್ದ, ಗುಂಡಿ ಹಾರುತ್ತಿದ್ದ, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಜಿಗಿಯುತ್ತಿದ್ದ. ಆಯಿ ಒಮ್ಮೆ ಹಾದುಹೋಗುತ್ತ ನೋಡಿ, ‘ಈ ಹಮಾಲ ಯಾವ ಅಂಗಡಿಯಂವ?’ ಅಂದಳು. ಅಂದಿನಿಂದ ಅವನು ನಮ್ಮ ಮನೆಯಲ್ಲಿ ಹಮಾಲನೇ ಆದ. ಅವನು ಬಲಕ್ಕೆ ಮಾತ್ರ ಹೋಗಬಲ್ಲವನಾಗಿದ್ದ. ಅವನು ಮುಂದೆ ಹೋದ ಹಾಗೆ ಪರದೆಯ ಎಡದ ಅಂಚು ಅವನ ಬೆನ್ನಿಗೇ ಬರುತ್ತಿತ್ತು, ಆ ಅಂಚು ದಾಟಿ ಹೋದದ್ದು ಮತ್ತೆ ಸಿಗುತ್ತಿರಲಿಲ್ಲ. ಎತ್ತಿಕೊಳ್ಳದೆ ಬಿಟ್ಟ ಹಣ್ಣು ಕಣ್ಣೆದುರೇ ಇದ್ದರೂ ಒಂದು ಹೆಜ್ಜೆ ಮುಂದಿಟ್ಟೆವೆಂದರೆ ಮುಗಿಯಿತು. ಪೆಟ್ಟಿಗೆ ಆರಿಸಿದರಂತೂ ಮೊದಲಿನಿಂದ ಶುರು.

ನಾನು ಆ ಆಟದಲ್ಲಿ ಅಷ್ಟಕ್ಕಷ್ಟೇ. ಅವ್ವ ಕೆಲವು ದಿನ ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂತು ನೋಡಿದಳು. ಒಂದು ಮಧ್ಯಾಹ್ನ ಹಮಾಲ ಅದೇ ಗುಂಡಿಗೆ ಮತ್ತೆ ಮತ್ತೆ ಬಿದ್ದಾಗ ಅವಳಿಗೆ ತಡೆಯಲಾಗಲಿಲ್ಲ.

‘ತಾ ಇಲ್ಲಿ,’ ಅಂದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತವಳು ಹಮಾಲನನ್ನು ಗುಂಡಿ ದಾಟಿಸಿ, ಏಣಿ ಹತ್ತಿಸಿ, ನಾನು ಎಂದೂ ಕಾಣದ ಊರುಗಳಿಗೆ ಕರೆದೊಯ್ದಳು. ಬೆಳಗಾವಿಯ ಹುಡುಗಿ ಅವಳು, ಲಗ್ನಕ್ಕೆ ಮೊದಲು ಖೊಖೊ ಆಡುತ್ತಿದ್ದಳಂತೆ. ಅದು ನನಗೆ ಗೊತ್ತಾದದ್ದೂ ಆ ಮಧ್ಯಾಹ್ನವೇ. ಅಲ್ಲಿಂದ ಮುಂದೆ ಊಟವಾಗಿ, ಮುಸುರೆ ತಿಕ್ಕಿ, ಆಯಿ ಮುಂದಿನ ಕೋಣೆಯಲ್ಲಿ ಅಡ್ಡಾದ ಮೇಲೆ ನಮ್ಮ ಆಟ. ಆಯಿಗೆ ಎಚ್ಚರವಾಗದಿರಲೆಂದು ಟಿ.ವಿ.ಯ ಸಪ್ಪಳ ಪೂರಾ ಇಳಿಸುತ್ತಿದ್ದೆವು. ಅವ್ವ ತುಟಿ ಬಿಚ್ಚದೆ ಯಾವುದೋ ಗೌರಿ ಹಾಡನ್ನು ಗುನುಗುತ್ತ ಆಡುತ್ತಿದ್ದಳು. ಆ ಆಟಕ್ಕೆ ತನ್ನದೇ ಸಂಗೀತವಿದೆ ಎಂದು ನನಗೆ ಬಹುಕಾಲ ಗೊತ್ತಿರಲಿಲ್ಲ. ಈಗಲೂ ನನ್ನ ಪಾಲಿಗೆ ಅದರ ಸಂಗೀತ ಅವ್ವನ ಆ ಗುನುಗೇ.

ಆಟದಲ್ಲಿ ಒಂದು ಕಡೆ ಕಪ್ಪು ನೀರು ಬರುತ್ತಿತ್ತು. ಅದರ ಮೇಲೆ ತೇಲುವ ಹಲಗೆಗಳು. ಕಾಲಿಟ್ಟ ಕೂಡಲೆ ಮುಳುಗುವಂಥವು, ನಿಂತರೆ ಸತ್ತ ಹಾಗೆ. ಅವ್ವ ಎಷ್ಟೋ ವಾರ ಆ ನೀರಿನ ತನಕ ಹೋಗಿ ಹೋಗಿ ಬಂದಳು. ಆಚೆ ದಂಡೆಯಲ್ಲಿ ಏನಿದ್ದೀತು ಎಂದು ನಾವು ರೊಟ್ಟಿ ಬಡಿಯುವಾಗಲೂ ಮಾತಾಡುತ್ತಿದ್ದೆವು. ಶ್ರಾವಣದ ಮೊದಲ ಸೋಮವಾರ, ನಮ್ಮ ಮನೆತನದ ಜಂಗಮರಾದ ಅಯ್ಯನೋರು ಊಟಕ್ಕೆ ಬರುವ ದಿನ, ಅವಳು ಅದನ್ನು ದಾಟಿದಳು. ಅಡುಗೆ ಎಲ್ಲ ಆಗಿತ್ತು. ಹೋಳಿಗೆ ಬುಟ್ಟಿಯಲ್ಲಿತ್ತು. ಇನ್ನೂ ಹೊತ್ತಿದೆಯಲ್ಲ ಎಂದು ಕೂತವಳು ಕೊನೆಯ ಹಲಗೆಯಿಂದ ಜಿಗಿದಾಗ ಹಮಾಲ ಹಸಿರು ನೆಲದ ಮೇಲೆ ನಿಂತಿದ್ದ. ದೂರದಲ್ಲಿ ಒಂದು ಪುಟ್ಟ ಮನೆ, ಅದರ ಕಿಟಕಿಯಲ್ಲಿ ಬೆಳಕು. ಅವ್ವ ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಅಯ್ಯನೋರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತರು. ಅವರು ಬಂದರೆ ಮನೆಯ ಸೊಸೆ ಕಾಲಿಗೆ ನೀರು ಕೊಡಬೇಕು. ಆ ಮೇಲೆಯೇ ಅವರು ಒಳಗೆ ಬರುವುದು.

‘ಶಾಂತಾ, ನೀರು,’ ಎಂದಳು ಆಯಿ.

‘ಒಂದ್ ನಿಮಿಷ ತಡೀರಿ ಅತ್ತಿ,’ ಎಂದಳು ಅವ್ವ, ತಿರುಗಿ ನೋಡದೆ.

ಆ ಮನೆಯಲ್ಲಿ ಸೊಸೆಯೊಬ್ಬಳು ಹಿರಿಯರಿಗೆ ತಡೀರಿ ಎಂದದ್ದು ಅದೇ ಮೊದಲಿರಬೇಕು. ಅಯ್ಯನೋರು ವಯಸ್ಸಾದವರು, ಸಮಾಧಾನಿ. ಬಾಗಿಲಿನ ಚೌಕಟ್ಟಿಗೆ ಕೈ ಕೊಟ್ಟು ನಿಂತು, ಒಂದು ಸಲ ಸೀನಿ, ನಕ್ಕರು.

‘ತಡಿಯವ್ವಾ, ನಮಗೇನ ಅವಸರ ಇಲ್ಲ.’

ಆ ನಗುವೇ ಆಯಿಯನ್ನು ಸುಟ್ಟಿತು. ಅಯ್ಯನೋರು ಸಿಟ್ಟಾಗಿದ್ದರೆ ಅವಳು ಸೊಸೆಯ ಪರವಾಗಿ ನಿಲ್ಲುತ್ತಿದ್ದಳೋ ಏನೋ. ಕ್ಷಮಿಸಿಬಿಟ್ಟರಲ್ಲ, ಅದು ಅವಮಾನವಾಯಿತು. ಸರಸರ ನಡೆದು ಬಂದು ಬೋರ್ಡಿನ ಸ್ವಿಚ್ಚು ಒತ್ತಿದಳು. ಪರದೆ ಕಪ್ಪಾಯಿತು, ಕೆಂಪು ದೀಪ ಆರಿತು.

‘ನಿಮ್ಮ ತವರಮನ್ಯಾಗ ಇದನ್ನ ಕಲಿಸಿ ಕಳಿಸ್ಯಾರೇನು?’

ಅವ್ವ ಸಿಕ್ಕಿಸಿದ ಸೆರಗನ್ನು ಇಳಿಬಿಟ್ಟಳು. ಎದ್ದು ಅಯ್ಯನೋರ ಕಾಲಿಗೆ ನೀರು ಕೊಟ್ಟಳು, ಪೂಜೆಗೆ ಅಣಿ ಮಾಡಿದಳು, ಎಲ್ಲರಿಗೂ ಬಡಿಸಿದಳು, ಹೋಳಿಗೆಗೆ ತುಪ್ಪ ಹಾಕಿದಳು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಅವಳೂ ಒಂದು ಚೀಲ ಹಿಡಿದು ನಿಂತಿದ್ದಳು. ನನ್ನ ಜಡೆಯನ್ನು ಎರಡು ಸಲ ಹಾಕಿ ಬಿಚ್ಚಿ ಹಾಕಿದಳು. ಪಂಚಮಿಗೆ ತವರಿಗೆ ಹೋಗಿ ಬರುತ್ತೇನೆ ಎಂದಳು. ಅಪ್ಪ ಮುಂದಿನ ಕೋಣೆಯಲ್ಲಿ ಪೇಪರು ಓದುತ್ತಿದ್ದ. ಪೇಪರು ಕೆಳಗಿಳಿಯಲಿಲ್ಲ.

ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ರೂಢಿ. ಆದರೆ ಅದಕ್ಕೊಂದು ಕ್ರಮ ಇದೆ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು, ತಿರುಗಿ ಬರಬೇಕಾದರೆ ಗಂಡನ ಮನೆಯವರು ಹೋಗಿ ಕರೆಯಬೇಕು. ಅವ್ವ ಯಾರೂ ಕರೆಯದೆ ತಾನೇ ಹೋಗಿದ್ದಳು. ಎಡವಟ್ಟಾದದ್ದು ಅಲ್ಲೇ. ತಾನಾಗಿ ಹೋದವಳು ತಾನಾಗಿ ಬರಬೇಕು ಎಂದು ಅಪ್ಪ ಕೂತ. ಕರೆಯಲು ಬಾರದವರ ಮನೆಗೆ ತಂಗಿಯನ್ನು ಹೇಗೆ ಕಳಿಸಲಿ ಎಂದು ಬೆಳಗಾವಿಯಲ್ಲಿ ಮಾಮಾ ಕೂತ. ಅವ್ವ ಒಂದು ಮಾತಿಗೆ ಕಾದಳು, ಆಯಿ ಆ ಮಾತು ತನ್ನದಲ್ಲ ಎಂಬಂತೆ ಇದ್ದಳು. ಪಂಚಮಿ ಹೋಯಿತು, ಗಣಪತಿ ಬಂದ, ವಾಡೆಯ ಚೌಕದಲ್ಲಿ ಮಂಟಪ ಹಾಕಿ ತೆಗೆದರು. ನಾನು ದಿನವಿಡೀ ‘ಆಯೀ, ಆಯೀ’ ಎಂದು ಅಜ್ಜಿಯನ್ನು ಕೂಗುತ್ತಿದ್ದುದನ್ನು ಕೇಳಿ, ಆಯಿ ಎಂದರೆ ತಾಯಿ ಎಂದೇ ತಿಳಿಯುವ ಮರಾಠಿ ನೆರೆಯವರು ನಮ್ಮ ಅವ್ವ ಮನೆಯಲ್ಲೇ ಇದ್ದಾಳೆ ಅಂದುಕೊಂಡಿದ್ದರು. ಅವ್ವ ಇಲ್ಲ ಎಂದು ಹೇಳಿಕೊಳ್ಳಲು ನನಗೂ ಯಾರೂ ಸಿಗಲಿಲ್ಲ. ನನಗೆ ಅವಳು ಬೇಕಾಗಿದ್ದಳು, ಅಷ್ಟೇ. ಜಡೆ ಹಾಕುವಾಗ ಆಯಿಯ ಕೈ ಬಿಗಿ, ತಲೆ ನೋಯುತ್ತಿತ್ತು. ಅಳು ಬಂದರೆ ಜಡೆಯ ಮೇಲೆ ಹಾಕಿಬಿಡುತ್ತಿದ್ದೆ.

ಆ ದಿನಗಳಲ್ಲೇ ಎದುರುಮನೆಯ ಉಜ್ವಲಾ ಒಂದು ಪತ್ರಿಕೆಯ ಹಾಳೆ ತಂದು ತೋರಿಸಿದಳು. ಅವಳ ಅಣ್ಣನಿಗೆ ಯಾರೋ ಪರದೇಶದಿಂದ ತಂದುಕೊಟ್ಟ ಇಂಗ್ಲಿಷ್ ಪತ್ರಿಕೆ. ಅದರಲ್ಲಿ ಇನ್ನೂ ಬರಲಿರುವ ಒಂದು ಆಟದ ಚಿತ್ರಗಳು. ಉದ್ದ ಬಾಲದ ಒಂದು ಪ್ರಾಣಿ ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತಿತ್ತು, ಆದರೆ ಆ ಕಟ್ಟೆಗಳು ಬಲಕ್ಕಷ್ಟೇ ಅಲ್ಲ, ಮೇಲೆ, ಕೆಳಗೆ, ಎಡಕ್ಕೆ, ಎಲ್ಲ ಕಡೆ ಇದ್ದವು. ಉಜ್ವಲಾಳ ಅಣ್ಣ ಇಂಗ್ಲಿಷನ್ನು ಮರಾಠಿಗೆ ಮಾಡಿ ಹೇಳಿದ್ದನ್ನು ಅವಳು ನನಗೆ ಹೇಳಿದಳು.

‘ಅಗಂ, ಹ್ಯಾತ್ ಮಾಗೇ ಪಣ್ ಜಾತಾ ಯೇತಂ.’

ಇದರಲ್ಲಿ ಹಿಂದಕ್ಕೂ ಹೋಗಬಹುದು ಎಂದು. ನಾನು ಆ ಹಾಳೆಯನ್ನು ಹಿಡಿದು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತೆ. ಇಷ್ಟಬಂದ ಕಡೆ ಹೋಗಬಹುದಂತೆ. ಇಂಥದ್ದೇ ದಾರಿ ಎಂದಿಲ್ಲ, ಇಂಥಲ್ಲಿಗೆ ಮುಟ್ಟಬೇಕೆಂದೂ ಇಲ್ಲ, ಆಟಕ್ಕೆ ಕೊನೆಯೇ ಇಲ್ಲವಂತೆ. ಎಲ್ಲಕ್ಕಿಂತ ದೊಡ್ಡದು, ಪೆಟ್ಟಿಗೆ ಆರಿಸಿದರೂ ನಾವು ಎಲ್ಲಿದ್ದೆವೆಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದಂತೆ. ಮೂರು ಭಾಷೆ ದಾಟಿ ಬರುವಷ್ಟರಲ್ಲಿ ಆ ಆಟ ಸ್ವಲ್ಪ ಬೆಳೆದೂ ಇರಬೇಕು, ಏಕೆಂದರೆ ಒಂದೊಂದು ಸಲ ಉಜ್ವಲಾ ಹೇಳಿದಾಗಲೂ ಅದರಲ್ಲಿ ಒಂದು ಹೊಸ ಬೆಟ್ಟ ಇರುತ್ತಿತ್ತು. ನಾನು ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ನೆನಪಿಡುವ ಆಟ ಮನೆಗೆ ಬಂದರೆ ಆಯಿ ಸ್ವಿಚ್ಚು ಒತ್ತಿದರೂ ಏನೂ ಹೋಗುವುದಿಲ್ಲ. ಏನೂ ಹೋಗದಿದ್ದರೆ ಜಗಳವಿಲ್ಲ. ಜಗಳವಿಲ್ಲದಿದ್ದರೆ ಅವ್ವ ಬರುತ್ತಾಳೆ. ಹೊಸ ಆಟ ಬರುವುದೂ ಅವ್ವ ಬರುವುದೂ ನನ್ನ ತಲೆಯಲ್ಲಿ ಒಂದೇ ಆಗಿಹೋಯಿತು.

ರವಿವಾರ ಅವ್ವ ಅಪ್ಪನ ಅಂಗಡಿಗೆ ಫೋನು ಮಾಡುತ್ತಿದ್ದಳು. ನಾನು ಅಪ್ಪನ ಜೊತೆ ಯಾರ್ಡಿಗೆ ಹೋಗಿ ಗಾದಿಯ ಮೇಲೆ ಕಾಯುತ್ತಿದ್ದೆ. ಫೋನು ಬಂದರೆ ಅಪ್ಪ ಎತ್ತಿ, ‘ಹ್ಞಾಂ’ ಎಂದು, ‘ನಿಮ್ಮವ್ವ’ ಎಂದು ನನ್ನ ಕೈಗೆ ಕೊಟ್ಟು, ಹೊರಗೆ ಹೋಗಿ ಚೀಲಗಳನ್ನು ನೋಡುತ್ತ ನಿಲ್ಲುತ್ತಿದ್ದ. ಎಣಿಸಿ ಇಳಿಸಿದ ಚೀಲಗಳು ಅವು. ಅವುಗಳಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

‘ಉಂಡೀ?’

‘ಉಂಡೆ. ಅವ್ವಾ, ಹೊಸಾ ಆಟ ಬರಾಕತ್ತದ. ಅದರಾಗ ಹಿಂದಕ್ಕೂ ಹೋಗಾಕ ಬರ್ತದಂತ.’

‘ಖರೇನ?’

‘ಖರೇನ. ಆರಿಸಿದ್ರೂ ಎಲ್ಲೆ ಬಿಟ್ಟಿರ್ತೀವಿ ಅಲ್ಲೇ ಇರ್ತದಂತ. ದೀಪಾವಳಿಗೆ ಬರ್ತದ. ನೀ ಯಾವಾಗ ಬರ್ತೀ?’

‘ನೋಡೂಣು ತಡಿ,’ ಎಂದಳು ಅವ್ವ. ಆಮೇಲೆ ತಾನಾಗಿಯೇ, ‘ಅದರಾಗ ನೀರು ಅದ ಏನು?’ ಎಂದು ಕೇಳಿದಳು.

ಇದೆ ಎಂದೆ. ಚಿತ್ರದಲ್ಲಿ ನೀರು ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಆ ಆಟ ನಮ್ಮ ಪೆಟ್ಟಿಗೆಗೆ ಬರುವಂಥದ್ದೇ ಆಗಿರಲಿಲ್ಲ. ಅದು ಬೇರೊಂದು ಯಂತ್ರಕ್ಕೆ ಮಾಡಿದ್ದು, ನಮ್ಮ ಸೀಳಿನಲ್ಲಿ ಅದರ ಕ್ಯಾಸೆಟ್ಟು ಕೂರುತ್ತಲೂ ಇರಲಿಲ್ಲ. ಇದು ಉಜ್ವಲಾಗೂ ಗೊತ್ತಿರಲಿಲ್ಲ, ಕ್ಯಾಂಪಿನ ಅಂಗಡಿಯವನಿಗೂ ಗೊತ್ತಿರಲಿಲ್ಲ. ಅಥವಾ ಅವನಿಗೆ ಗೊತ್ತಿತ್ತೋ ಏನೋ, ನಾನು ಅಪ್ಪನ ಕೈ ಹಿಡಿದು ಹೋಗಿ ಕೇಳಿದಾಗಲೆಲ್ಲ ಹಿಂದಿಯಲ್ಲಿ ‘ಅಗಲೇ ಮಹೀನೇ’, ಮುಂದಿನ ತಿಂಗಳು, ಎನ್ನುತ್ತಿದ್ದ. ಎಷ್ಟೋ ವರ್ಷಗಳ ಮೇಲೆ, ಕಾಲೇಜಿನಲ್ಲಿದ್ದಾಗ, ಹಡಪಸರದಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಅದೇ ಬಾಲದ ಪ್ರಾಣಿಯನ್ನು ಕಂಡೆ. ಆಟ ಕೈಗೆ ಬಂದೊಡನೆ ಎಲ್ಲ ಬಿಟ್ಟು ಎಡಕ್ಕೆ ನಡೆದೆ. ಸ್ವಲ್ಪ ದೂರಕ್ಕೇ ಒಂದು ಗೋಡೆ ಸಿಕ್ಕಿತು. ಗೆಳತಿ ನಕ್ಕು, ಅತ್ತ ಏನೂ ಇಲ್ಲ, ಈ ಕಡೆ ಬಾ ಎಂದಳು. ಆದರೆ ನಾನು ಕಾದ ಆಟದಲ್ಲಿ ಆ ಗೋಡೆ ಇರಲಿಲ್ಲ. ಕಾಯುವಾಗ ಆಟ ಎಷ್ಟು ದೊಡ್ಡದಿರುತ್ತದೋ ಬಂದ ಮೇಲೆ ಅಷ್ಟು ದೊಡ್ಡದಿರುವುದಿಲ್ಲ. ಹಾಗೆಂದು ನಾನು ಕಾದದ್ದು ದಂಡವಾಯಿತು ಎನ್ನಲಾರೆ.

ಏಕೆಂದರೆ ನನ್ನ ಜೊತೆ ಇನ್ನೊಬ್ಬರು ಕಾಯತೊಡಗಿದ್ದರು. ದಸರೆಗೆ ಮೊದಲ ಒಂದು ಮಧ್ಯಾಹ್ನ ಆಯಿ ನಡುಮನೆಯಲ್ಲಿ ಹಳೆಯ ಸೀರೆಗಳನ್ನು ಹರವಿಕೊಂಡು ಕೌದಿ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸ. ನಾನು ಆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

‘ಅದರಾಗ ಅಂಥಾದ್ದೇನದ?’ ಎಂದಳು.

ಹೇಳಿದೆ. ಕೊನೆ ಇಲ್ಲ ಎಂದಾಗ ಅವಳ ಸೂಜಿ ನಿಂತಿತು.

‘ಕೊನಿ ಇಲ್ಲಂದ್ರ ಗೆಲ್ಲೂದು ಯಾವಾಗ?’

‘ಗೆಲ್ಲೂದಿಲ್ಲ ಆಯೀ. ಅದರಾಗ ಸುಮ್ನ ಇರೂದು, ತಿರುಗಾಡೂದು.’

‘ಸಂಸಾರ ಅನ್ನು ಹಂಗಾರ,’ ಎಂದು ಮತ್ತೆ ಹೊಲಿಯತೊಡಗಿದಳು. ‘ಮತ್ತೇನದ?’

‘ಆರಿಸಿದ್ರೂ ನೆನಪಿಟ್ಕೋತದ. ನಮ್ಮ ಹಮಾಲನ್ನ ಆರಿಸಿದ್ರ ಎಲ್ಲಾ ಹೋಗ್ತದಲ್ಲ, ಹಂಗಲ್ಲ.’

‘ಎಲ್ಲಾ ಅಂದ್ರ?’

‘ಎಲ್ಲಾ. ಅವ್ವ ಅವತ್ತು ಕಪ್ಪು ನೀರು ದಾಟಿದ್ಲಲ್ಲ, ಅದು ಹೋತು. ಮತ್ತ ಹಚ್ಚಿದ್ರ ಮೊದಲಿಂದನ.’

ಆಯಿ ನನ್ನನ್ನು ನೋಡಿದಳು. ಅವಳಿಗೆ ಅದು ಗೊತ್ತಿರಲಿಲ್ಲ. ರೇಡಿಯೋ ಇದ್ದ ಹಾಗೆ, ಆರಿಸಿದರೇನು, ಮತ್ತೆ ಹಚ್ಚಿದರೆ ಅದು ಅಲ್ಲೇ ಇರುತ್ತದೆ ಎಂದು ಅವಳು ತಿಳಿದಿದ್ದಳು. ಸೊಸೆ ಇಷ್ಟು ಸಣ್ಣದಕ್ಕೆ ಮನೆ ಬಿಟ್ಟಳಲ್ಲ ಎಂಬುದೇ ಅಷ್ಟು ದಿನದಿಂದ ಅವಳ ಸಿಟ್ಟು. ತೊಡೆಯ ಮೇಲಿನ ಕೌದಿಯನ್ನು ಅಂಚಿನಿಂದ ಅಂಚಿಗೆ ಒಮ್ಮೆ ಸವರಿದಳು. ಬೇಸಿಗೆಯಿಂದ ಹೊಲಿಯುತ್ತ ಬಂದದ್ದು ಅದು.

‘ಅಂದ್ರ ನಾ ಹೊಲದದ್ದನ್ನ ಬಿಚ್ಚಿ ಒಗದಂಗಾತಲ್ಲ,’ ಎಂದಳು. ಆ ಮಧ್ಯಾಹ್ನ ಮತ್ತೆ ಸೂಜಿ ಹಿಡಿಯಲಿಲ್ಲ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಜಗುಲಿಯ ಮುಂದೆ ಅಪ್ಪನ ತಕ್ಕಡಿ, ಇಳಿಗೆಮಣೆ, ಆಯಿಯ ಕತ್ತರಿ ಎಲ್ಲ ಇಟ್ಟಿದ್ದರು. ಆಯಿ ಹೋಗಿ ಟಿ.ವಿ.ಯ ಕೆಳಗಿಂದ ಬಿಳಿ ಪೆಟ್ಟಿಗೆಯನ್ನು ತಂದು ಅವುಗಳ ಸಾಲಿನಲ್ಲಿಟ್ಟಳು. ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದಳು. ಅಪ್ಪ ಹುಬ್ಬು ಮೇಲೆ ಮಾಡಿದ.

‘ಏನ್ ನೋಡ್ತೀ? ಅಕೀ ಕೈಯಾಗಿನ ಹತಾರ ಅದು,’ ಎಂದಳು ಆಯಿ.

ಆಮೇಲೆ ಅವಳೂ ನನ್ನ ಹಾಗೆ ಕೇಳತೊಡಗಿದಳು. ಅಪ್ಪ ಸಂಜೆ ಅಂಗಿ ಗೂಟಕ್ಕೆ ಹಾಕುವಾಗಲೇ, ‘ಆ ನೆನಪಿಡೂ ಆಟ ಬಂತೇನು?’ ಎಂದು ಒಳಗಿಂದ ಕೂಗುತ್ತಿದ್ದಳು. ಬಂದಿಲ್ಲ ಎಂದರೆ ಅಂಗಡಿಯವನಿಗೆ ಒಂದೆರಡು ಬೈಗುಳ. ದೀಪಾವಳಿ ಹತ್ತಿರ ಬಂತು. ಶಾಲೆಗೆ ರಜೆ ಬಿಟ್ಟಿತು. ಎದುರುಮನೆಯಲ್ಲಿ ಚಕಲಿ ಕರಿಯುವ ವಾಸನೆ. ಕ್ಯಾಂಪಿನವನು ಮತ್ತೆ ‘ಅಗಲೇ ಮಹೀನೇ’ ಎಂದ ದಿನ ನಾನು ವಾಡೆಯ ಮೆಟ್ಟಿಲಲ್ಲೇ ಅಳತೊಡಗಿದೆ. ಮುಂದಿನ ತಿಂಗಳು ಎಂದರೆ ದೀಪಾವಳಿ ಮುಗಿದಿರುತ್ತದೆ, ದೀಪಾವಳಿ ಮುಗಿದರೆ ಅವ್ವ ಬರುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಆಯಿ ನನ್ನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ, ಮುಖ ತೊಳೆಸಿ, ಟಿ.ವಿ.ಯ ಮುಂದೆ ಕೂರಿಸಿದಳು.

‘ಹಮಾಲನ್ನ ಅಲ್ಲಿ ಮಟಾ ಒಯ್ಯಾಕ ನಿನ್ನ ಕಡಿಂದ ಆಗ್ತದೇನು? ನೀರಿನಾಚೆ?’

‘ನನಗ ಬರೂದಿಲ್ಲ. ಅವ್ವಗ ಬರ್ತದ.’

‘ಬರೂತನಾ ಆಡು. ಅಲ್ಲಿ ಮುಟ್ಟಿದ ಮ್ಯಾಲೆ ನಿಲ್ಲಿಸಿಬಿಡು. ಆರಿಸೂದ ಬ್ಯಾಡ. ಹೊಸಾದು ಬರವಲ್ಲದು, ಹಳೇದರ ಕಡಿಂದನ ನೆನಪಿಡಸೂಣು.’

ಆ ಬುದ್ಧಿ ನನಗೆ ಹೊಳೆದಿರಲಿಲ್ಲ ನೋಡಿ. ಆಟವನ್ನು ನಡುವೆ ತಡೆದು ನಿಲ್ಲಿಸುವ ಗುಂಡಿ ಇತ್ತು. ಟಿ.ವಿ. ಆರಿಸಿದರೂ ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿರುವ ತನಕ ಹಮಾಲ ನಿಂತಲ್ಲೇ ನಿಂತಿರುತ್ತಿದ್ದ. ಅಲ್ಲಿಂದ ಶುರುವಾಯಿತು ನನ್ನ ಒದ್ದಾಟ. ಆಯಿ ಪಕ್ಕದಲ್ಲಿ ಕೂತು ನನಗಿಂತ ಹೆಚ್ಚು ಆಡಿದಳು. ಹಮಾಲ ಜಿಗಿದಾಗ ಅವಳ ಮೊಣಕಾಲೂ ಮೇಲಕ್ಕೆ ಬರುತ್ತಿತ್ತು. ಬಿದ್ದರೆ, ‘ಮೂಟಿ ಕೆಳಗಿಡಬಾರದೇನೋ ಮಾರಾಯಾ’ ಎಂದು ಅವನಿಗೆ ಬೈಯುತ್ತಿದ್ದಳು. ದಿನಗಟ್ಟಲೆ ಹೀಗೆ ನಡೆಯಿತು. ಅಡುಗೆ ಅನ್ನ ಸಾರಿಗೆ ಇಳಿಯಿತು. ಹಬ್ಬದ ಫರಾಳದ ತಿಂಡಿಗಳಿಗೆ ಹುರಿದಿಟ್ಟ ರವೆ ಹಾಗೇ ಕೂತಿತು. ಕಡೆಗೊಂದು ದಿನ ನಸುಕಿನಲ್ಲೇ ಹೊರಟ ನಮ್ಮ ಹಮಾಲ ಊಟದ ಹೊತ್ತಿಗೆ ಕೊನೆಯ ಹಲಗೆಯಿಂದ ಹಾರಿ ಹಸಿರು ನೆಲ ಮುಟ್ಟಿದ. ದೂರದಲ್ಲಿ ಅದೇ ಪುಟ್ಟ ಮನೆ, ಕಿಟಕಿಯಲ್ಲಿ ಬೆಳಕು. ಗುಂಡಿ ಒತ್ತಿ ನಿಲ್ಲಿಸಿದೆ. ನನ್ನ ಹೆಬ್ಬೆರಳು ಬಾತುಹೋಗಿತ್ತು.

ಆಯಿ ಎದ್ದು ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದಳು. ಮಗನನ್ನು ಕರೆದು ಬೋರ್ಡಿನ ಮುಂದೆ ನಿಲ್ಲಿಸಿದಳು.

‘ನಾಳೆ ಬೆಳಗಾವಿಗೆ ಹೊಂಟೀನಿ. ನಾ ಬರೂತನಾ ಈ ಕೆಂಪು ದೀಪ ಆರಬಾರದು. ಇಸ್ತ್ರಿ ಬ್ಯಾಡ, ಮಿಕ್ಸರ್ ಬ್ಯಾಡ. ಏನೂ ಮುಟ್ಟಬ್ಯಾಡ.’

‘ಹಬ್ಬದ ವ್ಯಾಪಾರದಾಗ ನಾ ಮನ್ಯಾಗ ಕುಂದರ್ಲೇನು?’

‘ಕುಂದರು,’ ಎಂದಳು ಆಯಿ.

ಮರುದಿನ ಎಸ್.ಟಿ. ಬಸ್ಸಿನಲ್ಲಿ ನಾನೂ ಆಯಿಯೂ ಹೊರಟೆವು. ಕರೆಯದ ಬೀಗರ ಮನೆಗೆ ಆಯಿ ಜನ್ಮದಲ್ಲಿ ಕಾಲಿಟ್ಟವಳಲ್ಲ. ಬೆಳಗಾವಿಯ ಮನೆಯ ಪಡಸಾಲೆಯಲ್ಲಿ ಮಾಮಾ ಎದ್ದು ನಿಂತ. ಬರ್ರಿ ಎಂದ, ಕೂಡ್ರಿ ಎಂದ. ಆದರೆ ಅವನ ಮುಖದಲ್ಲಿ ನೀವು ಮೊದಲು ಮಾತಾಡಿ ಎಂಬುದಿತ್ತು. ಅವ್ವ ಒಳಬಾಗಿಲಲ್ಲಿ ಬಂದು ನಿಂತಳು. ನಾನು ಓಡಿಹೋಗಿ ಅವಳ ಸೊಂಟ ಹಿಡಿದೆ. ಆಯಿ ಕೂರಲಿಲ್ಲ, ಕೊಟ್ಟ ನೀರನ್ನೂ ಕುಡಿಯಲಿಲ್ಲ.

‘ಶಾಂತಾ, ನಿನ್ನ ಆಟ ಹಚ್ಚಿಟ್ಟು ಬಂದೀನಿ,’ ಎಂದಳು. ‘ಲೈಟಿನ ಬಿಲ್ಲು ಏರಾಕತ್ತದ. ಲಗೂನ ನಡಿ.’

ಅವ್ವ ನನ್ನ ಮುಖ ನೋಡಿದಳು.

‘ಎಲ್ಲಿ ಮಟಾ?’

‘ನೀರಿನಾಚೆ. ಮನಿ ಕಾಣಸ್ತದಲ್ಲ, ಅಲ್ಲಿ.’

‘ಯಾರು ದಾಟಿಸಿದ್ರು?’

‘ನಾವಿಬ್ಬರೂ,’ ಎಂದಳು ಆಯಿ. ಆಮೇಲೆ ದನಿ ತಗ್ಗಿತು. ‘ನಾ ಅವತ್ತು ಆ ಸ್ವಿಚ್ ಮುಟ್ಟಬಾರದಿತ್ತವ್ವಾ. ತವರಮನಿ ಹೆಸರ ತಗೀಬಾರದಿತ್ತು. ಕರಿಯಾಕ ಬಂದೀನಿ.’

ಅವ್ವ ಅತ್ತಳು, ಅಳುತ್ತಲೇ ಹೋಗಿ ಚೀಲ ತುಂಬಿದಳು. ಮಾಮಾ ಆ ರಾತ್ರಿ ಉಳಿಸಿಕೊಂಡು ಮರುದಿನ ಬಸ್ಸು ಹತ್ತಿಸಿದ. ಬರುವಾಗ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು. ಮುಳುಗುವ ಹಲಗೆಯ ಮೇಲೆ ನಿಲ್ಲಬೇಕೋ ಓಡಬೇಕೋ ಎಂದು ಅವರು ಮಾತಾಡುತ್ತಿದ್ದುದು ನಿದ್ದೆಯ ನಡುವೆ ನನ್ನ ಕಿವಿಗೆ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ವಾಡೆಗೆ ಬಂದೆವು. ಕೆಳಗೆ ಉಜ್ವಲಾಳ ತಾಯಿ ದೀಪದ ಹಣತೆ ತೊಳೆಯುತ್ತಿದ್ದಳು. ಅವ್ವನನ್ನು ನೋಡಿ ನಕ್ಕು, ಬೆಳಿಗ್ಗೆ ಪೇಠೆಗೆಲ್ಲ ಕರೆಂಟು ಹೋಗಿತ್ತು, ಒಂದು ತಾಸಿನ ಮೇಲೆ ಬಂತು ಎಂದು ಮರಾಠಿಯಲ್ಲಿ ಹೇಳಿದಳು.

ಆಯಿ ಮೆಟ್ಟಿಲ ಕಟಾಂಜನ ಹಿಡಿದು ನಿಂತುಬಿಟ್ಟಳು. ಅಷ್ಟು ದೂರ ಹೋಗಿ, ಅಷ್ಟು ಜನರೆದುರು ಹೇಳಿ ಕರೆತಂದಾಯಿತು, ಈಗ ಮೇಲೆ ಹೋದರೆ ಹಮಾಲ ನಿಂತಲ್ಲಿ ಇಲ್ಲ. ಮೋಸ ಮಾಡಿ ಕರೆತಂದಂತಾಯಿತಲ್ಲ ಎಂಬುದು ಅವಳ ಮುಖದಲ್ಲೇ ಇತ್ತು. ಅವ್ವ ಮುಂದೆ ಹತ್ತಿದಳು. ನಾವು ಹಿಂದೆ ಹತ್ತಿದೆವು.

ಬಾಗಿಲು ತೆರೆದಿತ್ತು. ಗೂಟದಲ್ಲಿ ಅಂಗಿ ಇರಲಿಲ್ಲ. ಅಂಗಡಿಯ ಅಂಗಿಯಲ್ಲೇ, ಆ ಘಾಟಿನ ಸಮೇತ, ನಡುಮನೆಯಲ್ಲಿ ಟಿ.ವಿ.ಯ ಮುಂದೆ ಅಪ್ಪ ಪದ್ಮಾಸನ ಹಾಕಿ ಕೂತಿದ್ದ. ಕಣ್ಣೊರೆಸಿಕೊಂಡು ಒರೆಸಿಕೊಂಡು ಕಣ್ಣು ಕೆಂಪಗಾಗಿ ನೀರು ಧಾರಾಕಾರ ಸುರಿಯುತ್ತಿತ್ತು. ಆ ಕೈ ಕಣ್ಣಿಗೆ ಹೋಗಬಾರದೆಂದು ನನಗೆ ಕಲಿಸಿದವನೇ ಅವನು. ಪರದೆಯ ಮೇಲೆ ಹಮಾಲ ಕಪ್ಪು ನೀರಿನ ಈಚೆ ದಂಡೆಯಲ್ಲಿದ್ದ, ಮೊದಲ ಹಲಗೆಗೆ ಹಾರಬೇಕು. ನಮ್ಮ ಹೆಜ್ಜೆಯ ಸಪ್ಪಳ ಅಪ್ಪನಿಗೆ ಕೇಳಿಸಿತು. ಅವನು ತಿರುಗಲಿಲ್ಲ.

‘ಒಂದ್ ನಿಮಿಷ ತಡೀರಿ,’ ಎಂದ.

ಅವ್ವ ಚೀಲ ಕೆಳಗಿಡಲು ಬಾಗಿದಳು. ಆಯಿ ಅವಳ ಮೊಣಕೈ ಹಿಡಿದಳು.

‘ತಡಿಯವ್ವಾ. ನಮಗೇನ ಅವಸರ ಇಲ್ಲ.’

ಹಾಗೆ ನಾವು ಮೂವರೂ ಕಾಲಿನ ಧೂಳು ಸಮೇತ ಹೊಸ್ತಿಲಾಚೆ ನಿಂತೆವು. ಹಮಾಲ ಒಂದು ಹಲಗೆ ದಾಟಿದ, ಇನ್ನೊಂದು ದಾಟಿದ. ಆಗ ಅವ್ವ ಸೀನಿದಳು. ಶ್ರಾವಣದಿಂದ ಈಚೆಗೆ ಅವಳಿಗೆ ಆ ಘಾಟಿನ ರೂಢಿ ತಪ್ಪಿಹೋಗಿತ್ತು. ಹೊರಗಿನವರ ಹಾಗೆ ಸೀನಿದಳು, ಮತ್ತೆ ಮತ್ತೆ ಸೀನಿದಳು. ಅಪ್ಪ ತಿರುಗಿ ನೋಡಿದ. ಹಮಾಲ ನೀರಿಗೆ ಬಿದ್ದ. ಅಪ್ಪನಿಗೆ ಅದು ಗೊತ್ತಾಗಲಿಲ್ಲ. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಅವನು ನೋಡುತ್ತಲೇ ಇದ್ದ.

ಅವ್ವ ಕಾಲೂ ತೊಳೆಯದೆ ಒಳಗೆ ಹೋಗಿ, ಸೆರಗು ಸಿಕ್ಕಿಸಿ, ಅವನ ಪಕ್ಕದಲ್ಲಿ ಕೂತು ಕೈ ಚಾಚಿದಳು.

‘ತರ್ರಿ ಇಲ್ಲಿ,’ ಅಂದಳು.